ತಮ್ಮನ ಹಳೇ ಗೇರ್ ಸೈಕಲ್ಲು ಆಫೀಸಿಗೆ ಹೊರಡೋ ಹಾಗಾಯ್ತು

ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಇರ್ತೀನಿ ಅಂದ ತಕ್ಷಣ ಊರಿನವರು ಕೇಳೋದು ಒಂದೇ, ಅಲ್ಲಿ ಎಲ್ಲರೂ ಸೈಕಲ್ಲಲ್ಲೇ ಓಡಾಡ್ತಾರಂತಲ್ಲ, ಎಂಥಾ ಸೈಕಲ್ಲು, ತುಂಬಾ ದುಡ್ಡಿರತ್ತಾ? ನಿಜ, ನೆದರ್ಲೆಂಡ್ಸ್‌ನಲ್ಲಿ ಸುಮಾರು 2.3 ಕೋಟಿ ಸೈಕಲ್ ಇದೆ, ಜನ ಅದಕ್ಕಿಂತ ಕಮ್ಮಿ. ಯೂಟ್ರೆಕ್ಟ್ ರೈಲ್ವೆ ಸ್ಟೇಷನ್ ಕೆಳಗೆ 12,500 ಸೈಕಲ್ ನಿಲ್ಲಿಸೋ ಪಾರ್ಕಿಂಗ್ ಇದೆ, 2019ರಲ್ಲಿ ಪೂರ್ತಿ ತೆರೆದರು, ಮೊದಲ ಸಲ ಒಳಗೆ ಹೋದವರಿಗೆ ದಾರಿ ತಪ್ಪತ್ತೆ. ಆದ್ರೆ ಅಲ್ಲಿ ನಿಂತಿರೋ ಸೈಕಲ್‌ಗಳನ್ನ ಸ್ವಲ್ಪ ಹತ್ತಿರದಿಂದ ನೋಡಿ. ಮುಕ್ಕಾಲು ಪಾಲು ಹಳೇ ಕಬ್ಬಿಣದ ಸೈಕಲ್ಲು. ಮಡ್‌ಗಾರ್ಡ್ ಇದೆ, ಚೈನ್ ಕವರ್ ಇದೆ, ಹಿಂದೆ ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಲೈಟು, ಹಿಂದಿನ ಚಕ್ರಕ್ಕೆ ಕೂತಿರೋ ಲಾಕು. ನಮ್ಮ ಅಪ್ಪ ಓಡಿಸ್ತಿದ್ದ ಸೈಕಲ್ಲಿಗೆ ಏನೇನಿತ್ತೋ ಅದೆಲ್ಲಾ ಅಲ್ಲಿ ಇವತ್ತಿಗೂ ಇದೆ. ಟ್ಯೂಬಿನ ವಾಲ್ವ್ ಕೂಡ ಅದೇ, ನಮ್ಮ ಹಳೇ ಸೈಕಲ್‌ಗಳ ಡನ್‌ಲಪ್ ವಾಲ್ವು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಈ ಸಲ ಬೆಂಗಳೂರಿಗೆ ಬಂದವಳು ಸ್ವಲ್ಪ ಜಾಸ್ತಿ ದಿನ ಉಳ್ಕೊಂಡೆ, ಹನುಮಂತನಗರದಲ್ಲಿ ಅಮ್ಮನ ಮನೆ, ಅಲ್ಲಿಂದಲೇ ಕೆಲಸ. ತಮ್ಮನ ಆಫೀಸು ಶಾಂತಿನಗರ ಬಸ್ ಸ್ಟ್ಯಾಂಡ್ ಹತ್ತಿರ. ದೂರ ಅಂದ್ರೆ ಆರೇಳು ಕಿಲೋಮೀಟರ್ ಇರಬಹುದು ಅಷ್ಟೇ, ಸ್ಕೂಟರಲ್ಲಿ ಹೋದರೂ ಮಿನರ್ವ ಸರ್ಕಲ್ಲು, ಡಬಲ್ ರೋಡ್ ಸಿಗ್ನಲ್ಲು ಅಂತ ಮುಕ್ಕಾಲು ಗಂಟೆ ತಿನ್ನತ್ತೆ. ಮೆಟ್ಟಿಲ ಕೆಳಗೆ ಅವನ ಕಾಲೇಜು ದಿನದ ಗೇರ್ ಸೈಕಲ್ ಧೂಳು ಹಿಡಿದು ನಿಂತಿತ್ತು, 26 ಇಂಚಿನ ಚಕ್ರ, 21 ಗೇರು, ಮುಂದೆ ಸ್ಪ್ರಿಂಗ್ ಶಾಕ್ಸು, ದಪ್ಪ ಬಟನ್ ಟೈರು. ಮೌಂಟನ್ ಬೈಕ್ ಅಂತ ಮಾರಿದ್ದರು, ಅದು ಹತ್ತಿದ್ದು ರಾಮಾಂಜನೇಯ ಗುಡ್ಡದ ರಸ್ತೆ ಮಾತ್ರ.

"ಅಕ್ಕಾ, ಅದು ಎಮ್ಮೆ ಥರ ಭಾರ ಕಣೇ, ತುಳಿಯೋಕಾಗಲ್ಲ, ಹೊಸದೊಂದು ಹೈಬ್ರಿಡ್ ನೋಡಿಟ್ಟಿದೀನಿ, ಇಪ್ಪತ್ತೈದು ಸಾವಿರ" ಅಂದ. ಹೈಬ್ರಿಡ್ ಅಂದ್ರೆ ರೋಡ್ ಸೈಕಲ್ಲಿಗೂ ಮೌಂಟನ್ ಬೈಕಿಗೂ ನಡುವಿನ ಥರದ್ದು. ನಾನು ಬೇಡ ಅಂದೆ. ಅವನು ನೋಡಿಟ್ಟಿದ್ದ ಆ ಹೊಸ ಸೈಕಲ್ಲಲ್ಲೂ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಲೈಟ್ ಇಲ್ಲ, ಅದಕ್ಕೆಲ್ಲಾ ಮತ್ತೆ ದುಡ್ಡು ಹಾಕಬೇಕು. ಹಳೇ ಫ್ರೇಮ್ ಗಟ್ಟಿಮುಟ್ಟಾಗಿದೆ, ದಪ್ಪ ಟೈರ್ ಹಿಡಿಯೋಷ್ಟು ಜಾಗ ಇದೆ, 26 ಇಂಚಿನ ಸಾಮಾನು ಎಲ್ಲಾ ಕಡೆ ಸಿಗತ್ತೆ, ಕಮ್ಮಿ ರೇಟಿಗೂ ಸಿಗತ್ತೆ, ಬೆಂಗಳೂರಿನ ಹಳ್ಳಗುಂಡಿಗೆ ಇದಕ್ಕಿಂತ ಒಳ್ಳೇ ಶುರು ಬೇರೆ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕು ನಾಲ್ಕೂವರೆ ಸಾವಿರದಲ್ಲಿ ಮುಗಿಸೋಣ, ಆಗಲಿಲ್ಲ ಅಂದ್ರೆ ಹೊಸದು ತಗೋ ಅಂತ ಒಪ್ಪಿಸಿದೆ.

ಮೊದಲು ಟೈರು. ಬರೀ ಒಂದೇ ಕೆಲಸ ಮಾಡಿಸೋ ಅಷ್ಟು ದುಡ್ಡಿದ್ರೆ ಟೈರೇ ಬದಲಾಯಿಸಿ, ಬೇರೆ ಏನೂ ಬೇಡ. ಬಟನ್ ಟೈರು ಮಣ್ಣಿಗೆ, ಕೆಸರಿಗೆ ಮಾಡಿದ್ದು, ಟಾರ್ ರೋಡ್ ಮೇಲೆ ಆ ರಬ್ಬರ್ ಗುಬುಟುಗಳು ಒಂದೊಂದೂ ಬಾಗಿ ಬಾಗಿ ಏಳ್ತವೆ, ನೀವು ತುಳಿದ ಶಕ್ತಿ ಅಲ್ಲೇ ಖರ್ಚಾಗತ್ತೆ, ಗುಂಯ್ ಅಂತ ಬರೋ ಸದ್ದೂ ಅದೇ. ಅಂಗಡಿಯವರು ಒಪ್ಪಲೇ ಇಲ್ಲ. "ಮೇಡಂ, ಮಳೇಲಿ ಜಾರತ್ತೆ, ಬಟನ್ನೇ ಇರ್ಲಿ" ಅಂದ್ರು. ತುಂಬಾ ಜನ ಹೀಗೇ ಅಂದ್ಕೊಂಡಿದಾರೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಕಾರಿನ ಅಗಲದ ಟೈರು ಜೋರಾಗಿ ಓಡುವಾಗ ನೀರಿನ ಮೇಲೆ ತೇಲಬಹುದು, ಅದಕ್ಕೆ ಗಾಡಿ ಟೈರಲ್ಲಿ ಕಾಲುವೆ ಕೊರೆದಿರ್ತಾರೆ. ಸೈಕಲ್ ಟೈರು ಸಣ್ಣದು, ಗಾಳಿ ಬಿಗಿಯಾಗಿರತ್ತೆ, ನಾವು ಹೋಗೋ ಸ್ಪೀಡಿಗೆ ನೀರನ್ನ ಅದೇ ಪಕ್ಕಕ್ಕೆ ತಳ್ಳಿಬಿಡತ್ತೆ. ಒದ್ದೆ ಟಾರಿನ ಮೇಲೆ ನುಣುಪು ಟೈರಿಗೆ ಜಾಸ್ತಿ ರಬ್ಬರ್ ತಾಗತ್ತೆ, ಹಿಡಿತ ಚೆನ್ನಾಗಿರತ್ತೆ. ಜಾರೋದು ರೋಡಿನ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಆಯಿಲ್ ಚೆಲ್ಲಿರೋ ಜಾಗದಲ್ಲಿ, ಅಲ್ಲಿ ಯಾವ ಟೈರಾದ್ರೂ ಜಾರತ್ತೆ.

ಸೈಜ್ ನೋಡ್ಕೊಂಡು ಹೋಗಿ, ಇದು ಬಹಳ ಮುಖ್ಯ. 26 ಇಂಚು ಅಂತ ಬರೆದ ಟೈರೆಲ್ಲಾ ಒಂದೇ ಅಲ್ಲ. ನಿಮ್ಮ ಟೈರಿನ ಪಕ್ಕದಲ್ಲಿ 54-559 ಅನ್ನೋ ಥರ ಒಂದು ನಂಬರ್ ಇರತ್ತೆ, ಮೊದಲನೇದು ಟೈರಿನ ಅಗಲ, ಎರಡನೇದು ರಿಮ್ಮಿನಲ್ಲಿ ಟೈರ್ ಕೂರೋ ಜಾಗದ ವ್ಯಾಸ, ಎರಡೂ ಮಿಲಿಮೀಟರಲ್ಲಿ. ಮೌಂಟನ್ ಬೈಕಿನ 26 ಅಂದ್ರೆ 559. ಲೇಡೀಸ್ ಸೈಕಲ್‌ಗೆ ಬರೋ 26 x 1 3/8 ಟೈರು 590, ಅದು ನಿಮ್ಮ ರಿಮ್ಮಿಗೆ ಕೂರೋದೇ ಇಲ್ಲ. ಭಿನ್ನರಾಶೀಲಿ ಬರೆದಿದ್ದಕ್ಕೂ ದಶಮಾಂಶದಲ್ಲಿ ಬರೆದಿದ್ದಕ್ಕೂ ವ್ಯತ್ಯಾಸ ಇದೆ, 1.75 ಬೇರೆ 1 3/4 ಬೇರೆ. ಆ 559 ಇದೆಯಾ ಅಂತ ನೋಡಿ ತಗೊಂಡ್ರೆ ಗಲಾಟೆಯೇ ಇಲ್ಲ. ನಾವು ಹಾಕ್ಸಿದ್ದು 26 x 1.75, ನಡುವೆ ನುಣುಪು, ಅಂಚಲ್ಲಿ ಸಣ್ಣ ಗೀರು, ನಮ್ಮ ದೇಶದ್ದೇ ಮಾಡಿದ್ದು, ಎರಡಕ್ಕೂ ಸೇರಿ ಸಾವಿರದ ಚಿಲ್ಲರೆ. ಇನ್ನೂ ಸಣ್ಣದು 1.5 ಕೂಡ ಬರತ್ತೆ, ಜೋರಾಗಿ ಓಡತ್ತೆ ಅಂತಾರೆ, ಆದ್ರೆ ಈ ಊರಿನ ಗುಂಡಿ, ರೋಡ್ ಹಂಪು, ಕೇಬಲ್‌ಗೆ ಅಗೆದು ಅರ್ಧಂಬರ್ಧ ಮುಚ್ಚಿರೋ ಕಾಲುವೆ, ಇದರಲ್ಲಿ ರಿಮ್ಮು ನೆಲಕ್ಕೆ ಬಡಿದು ಟ್ಯೂಬ್ ಪಂಚರ್ ಆಗತ್ತೆ. 1.75 ಸರಿಯಾದ ಅಳತೆ. ಗಾಳಿ ಮುಂದೆ 45 ಪಿಎಸ್‌ಐ, ಹಿಂದೆ 50 ಇಟ್ವಿ, ಟೈರಿನ ಮೇಲೆ ಬರೆದಿರೋ ಮಿತಿಯೊಳಗೇ. ವಾಲ್ವು ಮೋಟರ್ ಬೈಕಿನ ಥರದ್ದೇ ಇದ್ದಿದ್ರಿಂದ ಪೆಟ್ರೋಲ್ ಬಂಕಲ್ಲೂ ಹೊಡೆಸಬಹುದು, ಆದ್ರೂ ಮನೇಲೊಂದು ಮೀಟರ್ ಇರೋ ಪಂಪ್ ಇಟ್ಕೊಳ್ಳಿ, ವಾರಕ್ಕೊಂದು ಸಲ ನೋಡಿದ್ರೆ ಪಂಚರ್ ಅರ್ಧಕ್ಕರ್ಧ ಕಮ್ಮಿ.

ಟೈರ್ ಹಾಕಿಸಿದ ಸಾಯಂಕಾಲ ಬುಲ್ ಟೆಂಪಲ್ ರೋಡಲ್ಲಿ ಒಂದು ರೌಂಡ್ ಹೋಗಿ ಬಂದ, ಬಂದವನೇ "ಅಕ್ಕಾ, ಇದು ಅದೇ ಸೈಕಲ್ಲಾ?" ಅಂದ. ಹೈಬ್ರಿಡ್ ಮಾತು ಅಲ್ಲಿಗೆ ನಿಂತಿತು.

ಸೀಟು, ಇದಕ್ಕೆ ದುಡ್ಡೇ ಬೇಡ. ಬೆಂಗಳೂರಿನ ರಸ್ತೇಲಿ ನೋಡಿ, ಹತ್ತರಲ್ಲಿ ಎಂಟು ಜನ ಸೀಟನ್ನ ಪೂರ್ತಿ ಕೆಳಗಿಳಿಸಿ ಮಂಡಿ ಎದೆಗೆ ಬರೋ ಹಾಗೆ ತುಳೀತಿರ್ತಾರೆ, ಮಂಡಿ ನೋವು ಬಂದ್ರೆ ಸೈಕಲ್ಲನ್ನ ಬೈತಾರೆ. ಗೋಡೆ ಹಿಡ್ಕೊಂಡು ಸೀಟ್ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ರೆ ಕಾಲು ನೆಟ್ಟಗಾಗಬೇಕು, ಆಮೇಲೆ ಪಾದದ ಮುಂಭಾಗದಲ್ಲಿ ತುಳಿದಾಗ ಮಂಡಿ ಸ್ವಲ್ಪ ಬಾಗಿರತ್ತೆ, ಅಷ್ಟೇ ಲೆಕ್ಕ. ಸಿಗ್ನಲ್ಲಲ್ಲಿ ಸೀಟಿಂದ ಇಳಿದು ನಿಲ್ಲೋದು ಅಭ್ಯಾಸ ಆಗಬೇಕು. ಹ್ಯಾಂಡಲ್ಲನ್ನೂ ಎತ್ತರ ಮಾಡಿದ್ವಿ, ಇವನದು ಫ್ರೇಮಿನ ಒಳಗೆ ಇಳಿಯೋ ಹಳೇ ಥರದ ಸ್ಟೆಮ್ಮು, ಅಂದ್ರೆ ಹ್ಯಾಂಡಲ್ ಹಿಡಿಯೋ ಕಂಬಿ, ಮೇಲಿನ ಬೋಲ್ಟ್ ಸಡಿಲ ಮಾಡಿ ತಟ್ಟಿದ್ರೆ ಮೇಲಕ್ಕೆ ಬರತ್ತೆ, ಅದರ ಮೇಲೊಂದು ಗೆರೆ ಇರತ್ತೆ, ಆ ಗೆರೆ ಆಚೆಗೆ ಕಾಣಬಾರದು. ನೆಟ್ಟಗೆ ಕೂತ್ರೆ ಟ್ರಾಫಿಕ್ಕಲ್ಲಿ ಕಾರುಗಳ ತಲೆ ಮೇಲಿಂದ ಮುಂದಿನ ಗುಂಡಿ ಕಾಣತ್ತೆ, ಹಿಂದೆ ತಿರುಗಿ ನೋಡೋದೂ ಸಲೀಸು. ಡಚ್ಚರು ಹಾಗೆ ರಾಜಗಾಂಭೀರ್ಯದಲ್ಲಿ ಕೂತು ಹೋಗೋದು ಇದಕ್ಕೇ.

ಬ್ರೇಕಿನ ವಿಷಯದಲ್ಲಿ ಜುಗ್ಗತನ ಬೇಡ. ಇವನದು ರಿಮ್ಮನ್ನ ಎರಡೂ ಪಕ್ಕದಿಂದ ರಬ್ಬರಲ್ಲಿ ಹಿಡಿಯೋ ವಿ-ಬ್ರೇಕು, ರಬ್ಬರ್ ಕಲ್ಲಾಗಿತ್ತು. ಹೊಸ ಬ್ರೇಕ್ ಶೂ, ಬ್ರೇಕಿಗೂ ಗೇರಿಗೂ ಹೊಸ ಕೇಬಲ್ಲು, ಒಳಗಿನ ತಂತಿ ಜೊತೆ ಹೊರಗಿನ ಕವರೂ, ಯಾಕಂದ್ರೆ ತುಕ್ಕು ಇರೋದು ಆ ಕವರ್ ಒಳಗೇ, ಬರೀ ತಂತಿ ಹಾಕ್ಸಿದ್ರೆ ಮೂರು ತಿಂಗಳಿಗೆ ಮತ್ತೆ ಬಿಗಿ. ಎಲ್ಲಾ ಸೇರಿ ಐನೂರು ಚಿಲ್ಲರೆ. ಮಳೇಲಿ ಓಡಿಸಿದ ಮೇಲೆ ರಿಮ್ಮನ್ನ ಬಟ್ಟೇಲಿ ಒರೆಸಿ, ಬ್ರೇಕ್ ರಬ್ಬರಲ್ಲಿ ಸಿಕ್ಕಿರೋ ಮರಳು ಕೀಳಿ, ಇಲ್ಲ ಅಂದ್ರೆ ಅದು ರಿಮ್ಮನ್ನೇ ಉಜ್ಜಿ ತಿನ್ನತ್ತೆ.

ಕೇಬಲ್ ಬಿಟ್ರೆ ಗೇರು ಮುಟ್ಟಲೇ ಇಲ್ಲ. ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ನಡುವಿನದರಲ್ಲೇ ಬಿಟ್ಟು ಹಿಂದಿನ ಏಳು ಗೇರಲ್ಲಿ ಓಡಿಸು ಅಂದೆ, ಹನುಮಂತನಗರದ ಏರಿಗೂ ಸಾಕು, ಲಾಲ್‌ಬಾಗ್ ರೋಡಿನ ಇಳಿಜಾರಿಗೂ ಸಾಕು. ಚೈನ್ ಮಾತ್ರ ಅಳೆದ್ವಿ. ಟೇಪ್ ಹಿಡಿದು ಒಂದು ಪಿನ್ನಿಂದ ಎಣಿಸಿದ್ರೆ ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು ಬರತ್ತೆ, 12 1/16ಕ್ಕೆ ಬಂತು ಅಂದ್ರೆ ಚೈನ್ ಬದಲಾಯಿಸೋ ಸಮಯ, 12 1/8 ದಾಟಿದ್ರೆ ಅಷ್ಟೊತ್ತಿಗೆ ಹಿಂದಿನ ಹಲ್ಲುಚಕ್ರಗಳ, ಅಂದ್ರೆ ಫ್ರೀವೀಲಿನ ಹಲ್ಲೂ ಸವೆದಿರತ್ತೆ, ಆಮೇಲೆ ಹೊಸ ಚೈನ್ ಹಾಕಿದ್ರೆ ತುಳಿದಾಗ ಹಾರತ್ತೆ. ಇವನದು ತುಕ್ಕು ಹಿಡಿದಿತ್ತೇ ಹೊರತು ಉದ್ದ ಆಗಿರಲಿಲ್ಲ, ಆದ್ರೆ ಎರಡು ಮೂರು ಕಡೆ ಕೊಂಡಿ ಮಡಚದೆ ಬಿಗಿದುಕೊಂಡಿತ್ತು, ಅದಕ್ಕೇ ಹೊಸದು ಹಾಕ್ಸಿದ್ವಿ. ಮುಂದಿನ ಶಾಕ್ಸು ಭಾರ, ನಿಂತು ತುಳಿದ್ರೆ ಮೇಲೆ ಕೆಳಗೆ ಕುಣಿಯತ್ತೆ, ಅದನ್ನ ತೆಗೆದು ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕ್ ಹಾಕಿಸಬಹುದು ಅಂತ ತುಂಬಾ ಜನ ಹೇಳ್ತಾರೆ. ಆದ್ರೆ ಉದ್ದ ಕಮ್ಮಿ ಇರೋ ಫೋರ್ಕ್ ಹಾಕಿದ್ರೆ ಮುಂಭಾಗ ತಗ್ಗಿ ಹ್ಯಾಂಡಲ್ ಚಂಚಲ ಆಗತ್ತೆ, ಸರಿಯಾದದ್ದು ಹುಡುಕಿ ತರಿಸೋಕೆ ಹೋದ್ರೆ ನಮ್ಮ ಬಜೆಟ್ಟೇ ಅದಕ್ಕೆ ಹೋಗತ್ತೆ. ಮೇಲಿನ ತಿರುಪು ಬಿಗಿ ಮಾಡಿ ಬಿಟ್ವಿ. ಜೊತೆಗೆ ಎರಡೂ ಚಕ್ರದ ಬೆಂಡ್ ತೆಗೆಸಿ, ಬೇರಿಂಗ್ ಬಿಚ್ಚಿ ಗ್ರೀಸ್ ಹಾಕ್ಸಿದ್ವಿ. ಗಾಂಧಿ ಬಜಾರ್ ಹತ್ತಿರ ಒಂದು ಹಳೇ ಅಂಗಡಿ, ಅಲ್ಲಿನ ಯಜಮಾನರು ಒಂದೊಂದೇ ಕಡ್ಡೀನ ಬೆರಳಲ್ಲಿ ಮೀಟಿ ಸದ್ದು ಕೇಳಿ ಬಿಗಿ ಮಾಡ್ತಿದ್ರು. ಅಂಥವರ ಕೆಲಸಕ್ಕೆ ಯೂಟ್ರೆಕ್ಟ್‌ನಲ್ಲಿ ನಾನು ಕೊಡೋ ಕೂಲೀಲಿ ಇಲ್ಲಿ ಇಡೀ ಸೈಕಲ್ ಓವರ್‌ಹಾಲ್ ಆಗತ್ತೆ, ದಯವಿಟ್ಟು ಅವರ ಹತ್ರ ಚೌಕಾಸಿ ಮಾಡಬೇಡಿ.

ಇನ್ನು ನಾನು ಯೂಟ್ರೆಕ್ಟ್‌ನಿಂದ ನಿಜವಾಗಲೂ ಕಲಿತಿದ್ದು. ಸೈಕಲ್ ವೇಗ ಎಷ್ಟು ಅನ್ನೋದು ಆಮೇಲಿನ ಮಾತು, ಬೆಳಿಗ್ಗೆ ಆಫೀಸಿನ ಬಟ್ಟೇಲೇ ಬೀಗ ತೆಗೆದು ಹಾಗೇ ಹತ್ತಿ ಹೊರಡೋ ಹಾಗಿರಬೇಕು. ಮಳೆ ಬಂದ್ರೆ ಬೆನ್ನ ಮೇಲೆ ಕೆಸರು, ಬ್ಯಾಗ್ ಹೊತ್ತು ಬೆನ್ನೆಲ್ಲಾ ಬೆವರು, ಕತ್ತಲಾದ್ರೆ ಲೈಟಿಲ್ಲ ಅಂತಿದ್ರೆ ಎರಡನೇ ವಾರಕ್ಕೆ ಸೈಕಲ್ ವಾಪಸ್ ಮೆಟ್ಟಿಲ ಕೆಳಗೆ ಹೋಗತ್ತೆ. ನಮ್ಮಲ್ಲಿ ಜೂನಿಂದ ಅಕ್ಟೋಬರ್‌ವರೆಗೂ ಸಾಯಂಕಾಲದ ಮಳೆ ಗ್ಯಾರಂಟಿ, ಅದಕ್ಕೇ ಪೂರ್ತಿ ಉದ್ದದ ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕ್ಸಿದ್ವಿ, ಸೀಟಿಗೆ ಸಿಕ್ಕಿಸೋ ತುಂಡು ಮಡ್‌ಗಾರ್ಡ್ ಬೇಡ, ಅದು ಕೆಸರನ್ನ ತಡೆಯಲ್ಲ, ಮುಂದಿನ ಚಕ್ರದ್ದು ಶೂಗೆ ಹೊಡೆಯೋದಂತೂ ಅದರಿಂದ ನಿಲ್ಲಲ್ಲ. ಹಿಂದಿನ ಆಕ್ಸಲ್ ಹತ್ತಿರ ಫ್ರೇಮಲ್ಲಿ ಬೋಲ್ಟಿಗೆ ತೂತಿದೆಯಾ ನೋಡಿ, ಹಳೇ ಮೌಂಟನ್ ಬೈಕಲ್ಲಿ ಸಾಮಾನ್ಯವಾಗಿ ಇದ್ದೇ ಇರತ್ತೆ, 5 ಮಿಲಿಮೀಟರಿನ ಬೋಲ್ಟು. ಕ್ಯಾರಿಯರ್ ಅಲ್ಲೇ ಕೂರತ್ತೆ. ಲ್ಯಾಪ್‌ಟಾಪ್ ಬ್ಯಾಗು ಬೆನ್ನಿಂದ ಕ್ಯಾರಿಯರ್‌ಗೆ ಇಳಿದ್ರೆ ಬೆವರು ಎಷ್ಟು ಕಮ್ಮಿ ಆಗತ್ತೆ ಅಂತ ಮಾಡಿ ನೋಡಿದವರಿಗೇ ಗೊತ್ತು. ತೆಗೆದಿಟ್ಟ ಹಳೇ ಟ್ಯೂಬನ್ನ ಉದ್ದಕ್ಕೆ ಸೀಳಿ ಪಟ್ಟಿ ಮಾಡಿದ್ವಿ, ಬ್ಯಾಗ್ ಕಟ್ಟೋಕೆ ಅದಕ್ಕಿಂತ ಗಟ್ಟಿ ಹಗ್ಗ ಯಾವ ಅಂಗಡೀಲೂ ಸಿಗಲ್ಲ.

ಲೈಟು. ನೆದರ್ಲೆಂಡ್ಸ್‌ನಲ್ಲಿ ಕತ್ತಲಲ್ಲಿ ಮುಂದೆ ಬಿಳಿ ಇಲ್ಲ ಹಳದಿ, ಹಿಂದೆ ಕೆಂಪು ಲೈಟ್ ಇಲ್ಲದೆ ಹೋದ್ರೆ ಪೊಲೀಸರು ದಂಡ ಹಾಕ್ತಾರೆ, ಪೆಡಲ್ಲಿಗೆ, ಚಕ್ರದ ಪಕ್ಕಕ್ಕೂ ರಿಫ್ಲೆಕ್ಟರ್ ಇರಲೇಬೇಕು. ಚಕ್ರದ್ದು ಯಾಕೆ ಅಂತ ನನಗೆ ಅರ್ಥ ಆಗಿದ್ದು ಚಳಿಗಾಲದ ಒಂದು ರಾತ್ರಿ, ಪಕ್ಕದ ರೋಡಿಂದ ಬರೋ ಕಾರಿನವರಿಗೆ ನಮ್ಮ ಮುಂದಿನ ಲೈಟೂ ಕಾಣಲ್ಲ ಹಿಂದಿನದೂ ಕಾಣಲ್ಲ, ತಿರುಗೋ ಆ ಎರಡು ಹೊಳೆಯೋ ಉಂಗುರ ಮಾತ್ರ ಕಾಣತ್ತೆ. ನಂಬರ್ ಪ್ಲೇಟ್ ಮಾಡೋ ಅಂಗಡೀಲಿ ರೇಡಿಯಂ ಸ್ಟಿಕರ್ ಕೇಳಿ, ನೂರು ರೂಪಾಯಿಗೆ ಎರಡೂ ರಿಮ್ಮು, ಮಡ್‌ಗಾರ್ಡಿನ ತುದಿ, ಪೆಡಲ್ ಪಕ್ಕ ಎಲ್ಲಾ ಅಂಟಿಸಿದ್ವಿ, ಬ್ರೇಕ್ ರಬ್ಬರ್ ಉಜ್ಜೋ ಪಟ್ಟಿ ಮೇಲೆ ಮಾತ್ರ ಬೀಳದ ಹಾಗೆ. ಚಾರ್ಜ್ ಮಾಡೋ ಲೈಟ್ ಜೋಡಿಗೆ ಆರುನೂರು. ಮುಂದಿನದನ್ನ ಸ್ವಲ್ಪ ಕೆಳಕ್ಕೆ ಬಗ್ಗಿಸಿ, ಎದುರಿನವರ ಕಣ್ಣಿಗೂ ಹೊಡೆಯಲ್ಲ, ಗುಂಡಿಯೂ ಕಾಣತ್ತೆ. ಬೆಲ್ಲು ದೊಡ್ಡದು, ಟ್ರಿಂಗ್ ಟ್ರಿಂಗ್ ಅನ್ನೋ ಹಳೇದೇ. ಹಿಂದಿನ ಚಕ್ರಕ್ಕೆ ಕೂರೋ ಲಾಕ್ ಈ ದಪ್ಪ ಟೈರಿಗೆ ಸಿಗಲಿಲ್ಲ, ಚೈನ್ ಲಾಕ್ ತಗೊಂಡ್ವಿ, ಫ್ರೇಮನ್ನೂ ಹಿಂದಿನ ಚಕ್ರವನ್ನೂ ಸೇರಿಸಿ ಕಂಬಿಗೆ ಹಾಕೋಷ್ಟು ಉದ್ದದ್ದು.

ರೋಡಿನ ಮಾತು ಬಿಟ್ಟು ಬರಿಯೋಕೆ ಮನಸ್ಸಾಗ್ತಿಲ್ಲ. ಜಯನಗರದಲ್ಲಿ ಸೈಕಲ್‌ಗೆ ಅಂತ ಬಣ್ಣ ಬಳಿದ ಪಟ್ಟಿ ಕಾರ್ ಪಾರ್ಕಿಂಗ್ ಆಗಿದ್ದನ್ನ ನಾವೆಲ್ಲಾ ನೋಡಿದೀವಿ, 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಲೇನೂ ಉಳೀಲಿಲ್ಲ, ನನಗೆ ಅದು ನಿಜವಾಗಲೂ ನೋವಾಗತ್ತೆ. ಆದ್ರೆ ಡಚ್ಚರಿಗೂ ಸೈಕಲ್ ದಾರಿಗಳು ಹುಟ್ಟಿನಿಂದ ಬಂದಿದ್ದಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು ಮೂರು ಸಾವಿರಕ್ಕೂ ಜಾಸ್ತಿ, ಅದರಲ್ಲಿ ಮಕ್ಕಳೇ ನಾನೂರಕ್ಕೂ ಹೆಚ್ಚು. ಅಪ್ಪ ಅಮ್ಮಂದಿರು ಮಕ್ಕಳ ಕೊಲೆ ನಿಲ್ಲಿಸಿ ಅಂತ ಬೀದಿಗಿಳಿದು ಕೇಳಿದ ಮೇಲೆ ಈ ರಸ್ತೆಗಳು ಆಗಿದ್ದು. ಸೈಕಲ್ ತುಳಿಯೋರು ಕಣ್ಣಿಗೆ ಬಿದ್ರೆ ತಾನೆ ಯಾರಾದ್ರೂ ಕೇಳೋದು.

ತಮ್ಮ ಈಗ ಮಿನರ್ವ ಸರ್ಕಲ್, ಲಾಲ್‌ಬಾಗ್ ಮೇನ್ ಗೇಟ್, ಡಬಲ್ ರೋಡ್ ಮೇಲೆ ಹೋಗ್ತಾನೆ, ಎಂಟೂವರೆ ಒಳಗೆ ಹೊರಟ್ರೆ ಸ್ಕೂಟರ್‌ಗಿಂತ ಬೇಗ ತಲುಪ್ತಾನೆ, ಆಫೀಸಲ್ಲಿ ಒಂದು ಟವೆಲ್ಲು ಇನ್ನೊಂದು ಷರ್ಟು ಇಟ್ಟಿದಾನೆ. ನಮ್ಮ ಬಜೆಟ್ಟಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ತುಳಿಯುವಾಗ ಬುಡದಲ್ಲಿ ಟಕ್ ಟಕ್ ಅಂತ ಒಂದು ಸದ್ದು ಬರ್ತಿದೆ, ಪೆಡಲ್ ಬಿಗಿ ಮಾಡಿದ್ರೂ ಹೋಗಲಿಲ್ಲ, ಹಾಗಾಗಿ ಪೆಡಲ್ ಕೂತಿರೋ ತೋಳು, ಅಂದ್ರೆ ಕ್ರ್ಯಾಂಕ್ ಮಧ್ಯದ ಬೇರಿಂಗೇ ಇರಬೇಕು, ಮುಂದಿನ ಭಾನುವಾರ ಅದನ್ನ ಬಿಚ್ಚಿಸೋಕೆ ಅದೇ ಯಜಮಾನರ ಹತ್ರ ಹೋಗ್ತಿದೀವಿ. ನಿಮ್ಮ ಮನೆ ಮೆಟ್ಟಿಲ ಕೆಳಗೂ ಇಂಥದ್ದೊಂದು ಇದ್ರೆ ಟೈರಿನ ಪಕ್ಕದ ನಂಬರ್ ಬರ್ಕೊಂಡು, ಫ್ರೇಮಲ್ಲಿ ಕ್ಯಾರಿಯರ್ ತೂತಿದೆಯಾ ನೋಡಿ ತಿಳಿಸಿ, ಏನು ಹಾಕಿಸಬಹುದು ಅಂತ ನನಗೆ ಗೊತ್ತಿರೋಷ್ಟು ಹೇಳ್ತೀನಿ.