ಬಂಡೆ ಮೇಲಿನ ಚಿರತೆ: ಮಳೆಗಾಲದ ಅಪ್‌ಡೇಟ್

ಚಿತ್ರದುರ್ಗದ ಒಂದು ಗುಡ್ಡದ ಬಂಡೆ ಮೇಲೆ ಮಲಗುವ ಚಿರತೆಯ ಫೋಟೋ ತೆಗೆಯುತ್ತಿದ್ದೇನೆ. ಬೇಸಿಗೆಯ ಫೋಟೋಗಳಲ್ಲಿದ್ದ ದೊಡ್ಡ ತಲೆನೋವು ಮಳೆ ಬಿದ್ದ ಮೇಲೆ ತಾನಾಗೇ ಕಳೆಯಿತು. ತೊಂದರೆ ಇದ್ದದ್ದು ಲೆನ್ಸಿನಲ್ಲಿ ಅಲ್ಲ, ಗಾಳಿಯಲ್ಲಿ. ಚಿತ್ರದುರ್ಗದ ಬಂಡೆಗಳು ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಶಾಖ ಬಿಡುತ್ತಲೇ ಇರುತ್ತವೆ. ಚಿರತೆ ಪೊಟರೆಯಿಂದ ಹೊರಗೆ ಬಂದು ಮಲಗುವುದೂ ಅದೇ ಹೊತ್ತಿಗೆ. ಅಲುಗಾಡುವ ಆ ಬಿಸಿ ಗಾಳಿಯ ಮೂಲಕ 600 ಎಂಎಂ ಲೆನ್ಸಿನಲ್ಲಿ ನೋಡಿದರೆ ಅದರ ಮುಖ ಹರಿಯುವ ನೀರಿನ ಕೆಳಗೆ ಇಟ್ಟ ಹಾಗೆ ಕಾಣುತ್ತಿತ್ತು. ಇದಕ್ಕೆ ಶಾರ್ಪನಿಂಗ್ (ಎಡಿಟಿಂಗ್‌ನಲ್ಲಿ ಅಂಚು ಚೂಪು ಮಾಡುವುದು) ಮದ್ದಲ್ಲ. ಎಳೆದಷ್ಟೂ ಆ ಅಂಕುಡೊಂಕೇ ಗಟ್ಟಿಯಾಗುತ್ತದೆ. ಬೇಸಿಗೆ ಫೋಲ್ಡರ್‌ನ ಬಹುಪಾಲನ್ನು ಅಳಿಸಿಬಿಟ್ಟೆ.

ಈಗ ಬಂಡೆ ತಣ್ಣಗಿದೆ, ಗಾಳಿ ತೊಳೆದ ಹಾಗಿದೆ. ಆದರೆ ಬೆಳಕಿಲ್ಲ! ಮೋಡದ ಸಂಜೆ ಲೆನ್ಸಿನ ಕಿಂಡಿ ಎಫ್/6.3, ಶಟರ್ ಸೆಕೆಂಡಿನ 200ನೇ ಒಂದು ಭಾಗ ಅಂದರೆ ಐಎಸ್‌ಒ 6400ಕ್ಕೆ ಹೋಗಲೇಬೇಕು (ಸೆನ್ಸರಿನ ಈ ಸೂಕ್ಷ್ಮತೆ ಏರಿಸಿದಷ್ಟೂ ಫೋಟೋ ಕಾಳುಕಾಳಾಗುತ್ತದೆ). ಚಿರತೆ ಅಲ್ಲಾಡದೆ ಮಲಗಿದ್ದರೆ ಶಟರ್ ಇನ್ನೂ ಇಳಿಸುತ್ತೇನೆ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಹುರುಳಿಕಾಳು ತುಂಬಿ ಹೊಲಿದ ಚೀಲವೇ ನನ್ನ ಸ್ಟ್ಯಾಂಡ್. ಬದುವಿನ ಕಲ್ಲಿನ ಮೇಲೆ ಟ್ರೈಪಾಡ್‌ಗಿಂತ ಅದೇ ಚೆನ್ನಾಗಿ ಕೂರುತ್ತದೆ. ಮಳೆಗೆ ನೆನೆದರೆ ಮಾತ್ರ ಮೊಳಕೆ ಬರುತ್ತದೆ, ಒಣಗಿಸಬೇಕು.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಜೋಗಿಮಟ್ಟಿ ವನ್ಯಜೀವಿ ಧಾಮದ ಒಳಗೆ ಕೂರುವುದಿಲ್ಲ. ಅದು ಅನುಮತಿ ಬೇಕಾದ ಜಾಗ. ಕಾಡಿನ ಹೊರಗೆ, ಗೆಳೆಯನ ಮಾವನ ಜಮೀನಿನ ಬದುವಿನಲ್ಲಿ ಕೂತು, ಎದುರಿನ ಗುಡ್ಡ ನೋಡುತ್ತೇನೆ. ಯಾವ ಊರು ಅಂತ ಬರೆಯುವುದಿಲ್ಲ. ಫೋಟೋ ಕಳಿಸುವ ಮುಂಚೆ ಜಿಪಿಎಸ್ ಮಾಹಿತಿಯನ್ನೂ ತೆಗೆದು ಹಾಕುತ್ತೇನೆ. ಇದಕ್ಕೆ ಬೇಜಾರು ಮಾಡಿಕೊಂಡವರು ಇದ್ದಾರೆ, ಇರಲಿ. ಭಾನುವಾರ ಹತ್ತು ಬೈಕು ಬಂದು ನಿಂತರೆ ಆ ಬಂಡೆ ಖಾಲಿಯಾಗುತ್ತದೆ. ಟಾರ್ಚ್, ಫ್ಲ್ಯಾಶ್, ನಾಯಿ ಕಟ್ಟಿ ಕಾಯುವುದು, ಇವು ನನ್ನ ಹತ್ತಿರ ಇಲ್ಲವೇ ಇಲ್ಲ.

ಚಿರತೆಯನ್ನು ಮೊದಲು ನೋಡುವುದು ನಾನಲ್ಲ, ಪಕ್ಕದ ಹೊಲದಲ್ಲಿ ಕುರಿ ಮೇಯಿಸುವ ಅಜ್ಜ. ಅವರಿಗೆ ಕ್ಯಾಮೆರಾನೂ ಬೇಡ, ಬೈನಾಕ್ಯುಲರ್ರೂ ಬೇಡ. "ನವಿಲು ಒಂದೇ ಸಮ ಕೂಗ್ತಾ ಐತೆ ನೋಡಪ್ಪ. ಅದು ಎದ್ದೈತೆ" ಅಂದು ಕುರಿ ಹೊಡೆದುಕೊಂಡು ಹೊರಟುಬಿಡುತ್ತಾರೆ. "ಇನ್ನೂ ಸ್ವಲ್ಪ ಹೊತ್ತು ಇರ್ರಿ ಅಜ್ಜ" ಅಂದರೆ, "ನಿಂದು ಫೋಟೋ, ನಂದು ಮರಿ" ಅನ್ನುತ್ತಾರೆ.

ಈ ಸಲ ಜಾಸ್ತಿ ಕೆಲಸ ನಡೆದದ್ದು ಕಂಪ್ಯೂಟರ್ ಮುಂದೆ. ಐಎಸ್‌ಒ 6400ರ ಕಾಳುಕಾಳು, ಅಂದರೆ ನಾಯ್ಸ್, ತೆಗೆಯಲು ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್ ಲೈಟ್‌ರೂಮ್‌ಗೆ 2023ರಲ್ಲಿ ಬಂದ ಎಐ ಡಿನಾಯ್ಸ್ ಇದೆ. ಒಳ್ಳೆಯ ಉಪಕರಣ, ಸುಳ್ಳು ಹೇಳಲ್ಲ. ಆದರೆ ನಮ್ಮ ಕಡೆಯ ಬಂಡೆಯೇ ಕಾಳುಕಾಳು, ಅಲ್ವಾ? ಬಿಳಿ, ಬೂದಿ, ಕಪ್ಪು ಹರಳು ಬೆರೆತ ಕಲ್ಲು ಅದು. ಯಾವುದು ಸೆನ್ಸರಿನ ಕಾಳು, ಯಾವುದು ಕಲ್ಲಿನ ಕಾಳು ಅಂತ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ. ಸ್ಲೈಡರ್ ಮೇಲೇರಿಸಿದರೆ ಬಂಡೆ ಗಾರೆ ಮೆತ್ತಿದ ಗೋಡೆಯಾಗುತ್ತದೆ.

ಅದಕ್ಕೆ ಬಂಡೆಗೊಂದು ದಾರಿ, ಚಿರತೆಗೊಂದು ದಾರಿ ಮಾಡಿಕೊಂಡೆ. ಒಂದೇ ಜಾಗದಿಂದ ಸಾಲಾಗಿ ತೆಗೆದ ಫ್ರೇಮುಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ ನಾಯ್ಸ್ ಇಳಿಯುತ್ತದೆ. 4 ಫ್ರೇಮಿಗೆ ಅರ್ಧ, 16ಕ್ಕೆ ಕಾಲು ಭಾಗ. ಕಲ್ಲಿನ ಹರಳು ಎಲ್ಲ ಫ್ರೇಮಿನಲ್ಲೂ ಅಲ್ಲೇ ಇರುವುದರಿಂದ ಉಳಿಯುತ್ತದೆ, ನಾಯ್ಸ್ ಪ್ರತಿ ಸಲ ಬೇರೆ ಕಡೆ ಬೀಳುವುದರಿಂದ ಕರಗುತ್ತದೆ. ಆದರೆ ಚಿರತೆ ಉಸಿರಾಡುತ್ತದೆ. ನಿದ್ದೆ ಹೊಡೆಯುತ್ತಿದ್ದರೂ ಹೊಟ್ಟೆಯ ಕೂದಲು ಮಸುಕಾಗಿಬಿಡುತ್ತದೆ. ಹಾಗಾಗಿ ಮಾಸ್ಕ್ ಹಾಕಿ ಎರಡನ್ನೂ ಬೇರೆ ಮಾಡಿ, ಬಂಡೆ ಸರಾಸರಿಯಿಂದ, ಚಿರತೆ ಆ ಸಾಲಿನ ಒಂದೇ ಫ್ರೇಮಿನಿಂದ. ಅದಕ್ಕೆ ಡಿನಾಯ್ಸ್ ಸ್ವಲ್ಪವೇ. ಶಾರ್ಪನಿಂಗ್ ಕಣ್ಣು, ಮೀಸೆಯ ಬುಡಕ್ಕೆ ಮಾತ್ರ.

"ಸ್ವಲ್ಪವೇ" ಅನ್ನುವುದಕ್ಕೆ ಕಾರಣ ಚುಕ್ಕೆಗಳು. ಒಂದು ಚಿರತೆಯ ಚುಕ್ಕೆ ಇನ್ನೊಂದಕ್ಕೆ ಇರುವುದಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು, ಪಟ್ಟೆ ನೋಡಿ ಹುಲಿ ಗುರುತಿಸಿದ್ದೂ ಇದೇ ಲೆಕ್ಕದಲ್ಲಿ. ನನಗೂ ಒಂದು ಪ್ರಶ್ನೆ ಇತ್ತು: ಬೇಸಿಗೆಯಲ್ಲಿ ಕಂಡದ್ದೂ ಈಗ ಕಾಣುತ್ತಿರುವುದೂ ಒಂದೇನಾ? ಡಿನಾಯ್ಸ್ ಜೋರಾಗಿ ಹಾಕಿದ ಕಾಪಿಯಲ್ಲಿ ಭುಜದ ಹಿಂದಿನ ಎರಡು ಚುಕ್ಕೆ ಸೇರಿ ಒಂದಾಗಿವೆ. ಕ್ಯಾಮೆರಾ ಕೊಟ್ಟ, ಇನ್ನೂ ಎಡಿಟ್ ಆಗದ ಮೂಲ ರಾ ಫೈಲಿನಲ್ಲಿ ಬೇರೆ ಬೇರೆ ಇವೆ, ನಡುವೆ ತೆಳ್ಳನೆಯ ಹಳದಿ ಗೆರೆ. ಸಾಫ್ಟ್‌ವೇರ್ ಪ್ರಕಾರ ಬೇರೆ ಚಿರತೆ, ರಾ ಪ್ರಕಾರ ಅದೇ ಚಿರತೆ! ಅಂದಿನಿಂದ ಪ್ರತಿ ಫೋಟೋಗೆ ಎರಡು ಕಾಪಿ. ಗುರುತಿಗೆ ಒಂದು, ಅದಕ್ಕೆ ಬರೀ ಎಕ್ಸ್‌ಪೋಶರ್ ಎತ್ತುತ್ತೇನೆ, ಬೇರೆ ಏನೂ ಮುಟ್ಟುವುದಿಲ್ಲ. ಗೋಡೆಗೆ ಇನ್ನೊಂದು.

ಬಣ್ಣದ ವಿಷಯ ಚಿಕ್ಕದು. ಆಟೋ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಹೊಂದಿಸುವ ಸೆಟ್ಟಿಂಗ್) ಸಂಜೆಯ ಕೆಂಪನ್ನು ತೊಳೆದುಬಿಡುತ್ತದೆ, ಡೇಲೈಟ್‌ಗೆ ಇಟ್ಟು ಮರೆತುಬಿಡಿ.

ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರದ ರೆಕ್ಕೆಯೊಂದು ಫ್ರೇಮಿನೊಳಗೆ ಬರುತ್ತದೆ. "ಅದನ್ನ ಅಳಿಸೋ ಮಾರಾಯ" ಅಂತ ಗೆಳೆಯರದ್ದು ಒಂದೇ ಹಟ. ಅಳಿಸುವುದು ಎರಡು ನಿಮಿಷದ ಕೆಲಸ. ಆದರೆ ಅದನ್ನು ತೆಗೆದರೆ ಈ ಫೋಟೋ ಎಲ್ಲಿಯದೋ ಸಫಾರಿಯದು ಅನಿಸುತ್ತದೆ. ನಮ್ಮ ಚಿರತೆ ಗಾಳಿಯಂತ್ರದ ಕೆಳಗೇ ಮಲಗುತ್ತದೆ. ರೆಕ್ಕೆ ಇರಲಿ. ಅಂಚಿನಲ್ಲಿ ಮಿಂಚುತ್ತಿದ್ದ ಒಂದು ಪ್ಲಾಸ್ಟಿಕ್ ಕವರನ್ನೂ ಬಿಟ್ಟಿದ್ದೇನೆ, ಅದು ಮಾತ್ರ ಕಣ್ಣಿಗೆ ಚುಚ್ಚುತ್ತದೆ.

ದಾವಣಗೆರೆಯಲ್ಲಿ ಎ3 ಪ್ರಿಂಟ್ ಹಾಕಿಸಿದೆ, ಮ್ಯಾಟ್ ಪೇಪರ್. ಲ್ಯಾಪ್‌ಟಾಪಿನ ಹೊಳಪನ್ನು ಅರ್ಧಕ್ಕಿಂತ ಕೆಳಗಿಳಿಸಿ ಎಡಿಟ್ ಮಾಡಿದ್ದರಿಂದ ನೆರಳಿನ ಭಾಗ ಕಪ್ಪಾಗದೆ ಬಂತು. ಬಂಡೆಯ ಹರಳು ಎಣಿಸಬಹುದು. ಅಜ್ಜನಿಗೆ ತೋರಿಸಿದೆ. ಚಿರತೆಯನ್ನು ಬಿಟ್ಟು ಬಂಡೆ ಯಾವುದು ಅಂತ ಗುರುತು ಹಿಡಿಯುತ್ತಾ ಕೂತರು.

ಇಲ್ಲಿಯವರೆಗೆ ಸಿಕ್ಕಿರುವುದೆಲ್ಲ ಎಡ ಮಗ್ಗುಲು. ಅದು ಯಾವಾಗಲೂ ಒಂದೇ ದಿಕ್ಕಿಗೆ ತಲೆ ಇಟ್ಟು ಮಲಗುತ್ತದೆ. ಎಡದ ಚುಕ್ಕೆಗೂ ಬಲದ ಚುಕ್ಕೆಗೂ ಸಂಬಂಧವಿಲ್ಲ, ಕ್ಯಾಮೆರಾ ಟ್ರ್ಯಾಪನ್ನು ಎದುರುಬದುರು ಜೋಡಿಯಾಗಿ ಇಡುವುದೂ ಅದಕ್ಕೇ. ಬಲ ಮಗ್ಗುಲು ಬೇಕಾದರೆ ಗುಡ್ಡದ ಆಚೆ ಬದಿ, ಬೆಳಗಿನ ಹೊತ್ತು ಕೂರಬೇಕು. ಆ ಕಡೆ ಜಮೀನಿನ ಯಜಮಾನರನ್ನು ಕೇಳಿದ್ದೇನೆ. "ಈರುಳ್ಳಿ ಕಿತ್ತಾದ ಮೇಲೆ ಬಾರಪ್ಪ, ಈಗ ಬಂದ್ರೆ ತುಳೀತೀಯ" ಅಂದಿದ್ದಾರೆ.