ಅಳಿಸದೆ ತಿದ್ದುವ ಯುನಿಕ್ಸ್

ದಾವಣಗೆರೆಯ ಬಿಸಿಲಿಗೆ ಹೊರಗೆ ಹೋಗಲಾರದೆ, ಇಂದು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ಅನುಕರಿಸುವ ಸಿಮ್‌ಎಚ್ ಎಮ್ಯುಲೇಟರ್ ಮೂಲಕ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ 1979ರ ಏಳನೇ ಆವೃತ್ತಿಯನ್ನು ಚಾಲೂ ಮಾಡಿದೆ. ತಾನು ಪಿಡಿಪಿ-11 ಎಂಬ ಆ ಕಾಲದ ಕಂಪ್ಯೂಟರಿನ ಮೇಲೆಯೇ ಇದ್ದೇನೆಂದು ಅದು ನಂಬಿಕೊಂಡಿರುತ್ತದೆ.

ಅಲ್ಲಿ ಹಿಂದಿನ ಅಕ್ಷರವನ್ನು ರದ್ದುಪಡಿಸಲು # ಒತ್ತಬೇಕು, ಇಡೀ ಸಾಲೇ ಬೇಡವಾದರೆ @ ಒತ್ತಬೇಕು. (ಇ-ಮೇಲ್ ವಿಳಾಸ ಟೈಪ್ ಮಾಡಹೊರಟವರ ಗತಿ ದೇವರಿಗೇ ಪ್ರೀತಿ!) ಬೇಕೆಂದೇ ‘ಡೇಟ್’ ಆಜ್ಞೆಯ ನಡುವೆ ತಪ್ಪಕ್ಷರವೊಂದನ್ನು ಸೇರಿಸಿ # ಒತ್ತಿದಾಗ, ತಪ್ಪೂ ತಿದ್ದುಪಡಿಯೂ ಅಕ್ಕಪಕ್ಕದಲ್ಲಿ ಪರದೆಯ ಮೇಲೆ ಹಾಗೆಯೇ ಉಳಿದವು, ಆದರೂ ಯುನಿಕ್ಸ್ ಸರಿಯಾದುದನ್ನೇ ಓದಿಕೊಂಡು ದಿನಾಂಕ ತಿಳಿಸಿತು. ಪರದೆಯ ಬದಲು ಬಳಸುತ್ತಿದ್ದ ಟೆಲಿಟೈಪ್ ಯಂತ್ರದ ಕಾಗದದ ಮೇಲೆ ಅಚ್ಚಾದುದನ್ನು ಹಿಂತೆಗೆಯಲು ಸಾಧ್ಯವಿರದ ಕಾಲದ ಏರ್ಪಾಡಿದು. ಗುರುತೇ ಉಳಿಸದೆ ಅಳಿಸುವ ಇಂದಿನ ಬ್ಯಾಕ್‌ಸ್ಪೇಸಿಗಿಂತ ಇದು ನನಗೆ ಹೆಚ್ಚು ಪ್ರಾಮಾಣಿಕವೆನಿಸಿತು. ಎಸ್‌ಟಿಟಿವೈ ಎಂಬ ಆಜ್ಞೆಯಿಂದ ಈ ಕೀಲಿಗಳನ್ನು ಬದಲಿಸಿಕೊಳ್ಳಬಹುದು, ಸದ್ಯಕ್ಕೆ ಬದಲಿಸುವ ಮನಸ್ಸಿಲ್ಲ.