ಆಟಿಯ ಮಳೆಯಲ್ಲಿ ಮೂರು ಕಾರು

ನಮ್ಮ ಹಳೆಯ ಸೆಡಾನಿನಲ್ಲಿ ಕೂರುವುದು ಅಂದರೆ ಅಮ್ಮನಿಗೆ ಒಂದು ದೊಡ್ಡ ಕೆಲಸ. ಮೊದಲು ಕೊಡೆ ನನ್ನ ಕೈಗೆ ಕೊಡುತ್ತಾಳೆ. ಕಾರಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ. ಎಡಗೈಯಲ್ಲಿ ಬಾಗಿಲ ಮೇಲಂಚು ಹಿಡಿದು, ಬಲಗೈಯಲ್ಲಿ ಹಿಂದೆ ಸೀಟು ಎಲ್ಲಿದೆ ಎಂದು ತಡವುತ್ತಾಳೆ. ಸೀಟು ಅವಳ ಮೊಣಕಾಲಿಗಿಂತ ತಗ್ಗು. ಕೊನೆಯ ಅರ್ಧ ಅಡಿ ಧೊಪ್ಪೆಂದು ಬೀಳಲೇಬೇಕು. ಆಮೇಲೆ ಎಡಗಾಲು ಒಳಗೆ. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಒಳಗಿಡುತ್ತಾಳೆ. ಆ ಮೊಣಗಂಟು 2023ರಲ್ಲಿ ಆಪರೇಶನ್ ಮಾಡಿ ಬದಲಾಯಿಸಿದ್ದು. ಇಷ್ಟಾಗುವಾಗ ಅವಳ ಸೀರೆಯಂಚು ಒದ್ದೆ, ನನ್ನ ಬೆನ್ನು ಒದ್ದೆ. ಇಳಿಯುವಾಗ ಇನ್ನೂ ಕಷ್ಟ. ನಾನು ಎರಡೂ ಕೈ ಹಿಡಿದು ಎಳೆಯಬೇಕು. "ನಿಧಾನ ಮಗಾ" ಅನ್ನುತ್ತಾಳೆ, ಅಷ್ಟೇ. ನೋಯುತ್ತದೆ ಎಂದು ಒಮ್ಮೆಯೂ ಹೇಳಿದವಳಲ್ಲ.

2025ರ ಮಳೆಗಾಲ ಶುರುವಾಗುವಾಗಲೇ ನಾನು ತೀರ್ಮಾನ ಮಾಡಿದೆ. ಈ ವರ್ಷ ಎತ್ತರದ ಕಾರು ತೆಗೆದುಕೊಳ್ಳಲೇಬೇಕು.

ನಾನು ಉಡುಪಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ವಾರಕ್ಕೆ ಎರಡು ಸಲ ಮಂಗಳೂರಿಗೆ ಕೆಲಸ. ಸೆಡಾನಿಗೆ ಹತ್ತು ವರ್ಷ ಆಗಿತ್ತು. ಎತ್ತರ ಮಾತ್ರ ಬೇಕಿದ್ದರೆ ಅರ್ಧ ಬೆಲೆಗೆ ಒಳ್ಳೆಯ ಗಾಡಿಗಳು ಬೇಕಾದಷ್ಟಿವೆ, ನಿಜ. ಆದರೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ದುಡಿದಿದ್ದೇನೆ. ಕಾರು ಓಡಿಸುವುದು ನನಗೆ ಇಷ್ಟ. ಒಂದು ಸಲವಾದರೂ ತುಂಬ ಒಳ್ಳೆಯ ಕಾರು ನನ್ನ ಹೆಸರಲ್ಲಿ ಇರಬೇಕು ಎಂಬ ಆಸೆ ಕಾಲೇಜಿನ ದಿನಗಳಿಂದ ಇತ್ತು. ಸಾಲ ಎಷ್ಟು, ಕಂತು ಎಷ್ಟು ಎಂದು ಲೆಕ್ಕ ಹಾಕಿಯೇ ಹೆಜ್ಜೆ ಇಟ್ಟೆ.

ಮೂರು ಕಾರು ಆರಿಸಿಕೊಂಡೆ. ಆಡಿ ಕ್ಯೂ3, ಬಿಎಂಡಬ್ಲ್ಯು ಎಕ್ಸ್1, ಮರ್ಸಿಡಿಸ್ ಜಿಎಲ್‌ಎ. ಕಂಪ್ಯೂಟರಿನಲ್ಲಿ ದೊಡ್ಡ ಪಟ್ಟಿ ಮಾಡಿದೆ. ಪೆಟ್ರೋಲ್ ಎಕ್ಸ್1ಗೆ 1499 ಸಿಸಿಯ ಮೂರು ಸಿಲಿಂಡರಿನ ಎಂಜಿನ್, 136 ಎಚ್‌ಪಿ. ಜಿಎಲ್‌ಎ 200ಕ್ಕೆ 1332 ಸಿಸಿ, 163 ಎಚ್‌ಪಿ. ಕ್ಯೂ3ಗೆ 1984 ಸಿಸಿ, 190 ಎಚ್‌ಪಿ. ಮೊದಲ ಎರಡರಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಕ್ಯೂ3ರಲ್ಲಿ ನಾಲ್ಕೂ ಚಕ್ರಕ್ಕೆ. ಸುರಕ್ಷತೆಯಲ್ಲಿ ಮೂರಕ್ಕೂ ಯುರೋಪಿನ ಡಿಕ್ಕಿ ಪರೀಕ್ಷೆಯಾದ ಯುರೋ ಎನ್‌ಕ್ಯಾಪ್‌ನ 5 ಸ್ಟಾರ್. ಹೀಗೆ ಸಾಲು ಮೇಲೆ ಸಾಲು. ಮೂರು ವಾರ ರಾತ್ರಿ ಕೂತು ತುಂಬಿಸಿದ ಆ ಪಟ್ಟಿಯಲ್ಲಿ ಅಮ್ಮನ ಮೊಣಕಾಲಿಗೆ ಸಂಬಂಧಪಟ್ಟ ಒಂದು ಸಾಲೂ ಇರಲಿಲ್ಲ. ನೆಲದಿಂದ ಸೀಟು ಎಷ್ಟು ಎತ್ತರ ಎಂದು ಯಾವ ಬ್ರೋಶರ್‌ನಲ್ಲೂ ನನಗೆ ಸಿಗಲಿಲ್ಲ.

ಹಾಗಾಗಿ ಜುಲೈ 26ರ ಶನಿವಾರ ಅಮ್ಮನನ್ನೇ ಕರೆದುಕೊಂಡು ಮಂಗಳೂರಿಗೆ ಹೊರಟೆವು. ಅಮ್ಮ ಸುಲಭಕ್ಕೆ ಒಪ್ಪಿರಲಿಲ್ಲ. ಆಟಿ ಎಂದರೆ ನಮ್ಮ ತುಳುನಾಡಿನ ಮಳೆಗಾಲದ ತಿಂಗಳು, ಅದರಲ್ಲಿ ಶುಭಕಾರ್ಯ ಮಾಡುವುದಿಲ್ಲ. ಎರಡು ದಿನದ ಹಿಂದಷ್ಟೇ ಆಟಿ ಅಮಾವಾಸ್ಯೆ. ಪಾಲೆ ಮರದ ತೊಗಟೆಯ ಕಷಾಯ ಕುಡಿದು, ಮೆಂತೆ ಗಂಜಿ ಉಂಡು ಆಗಿತ್ತು. "ಆಟಿಯಲ್ಲಿ ಯಾರಾದ್ರೂ ಹೊಸ ಗಾಡಿ ತೆಗೊಳ್ಳುದುಂಟಾ?" ಎಂದಳು. ನೋಡಿ ಬರುವುದು ಮಾತ್ರ ಎಂದೆ. "ನೋಡ್ಲಿಕ್ಕೆ ಅಡ್ಡಿಲ್ಲ. ಕೈಯಿಂದ ದುಡ್ಡು ಬಿಚ್ಚಬೇಡ" ಎಂದು ಬಂದಳು. ಚೀಲದಲ್ಲಿ ಹೊಲಿಗೆಯ ಟೇಪು ಹಾಕಿಕೊಂಡೆ. ಮನೆಯ ಊಟದ ಕುರ್ಚಿ ಅಳೆದಿದ್ದೆ, 18 ಇಂಚು. ಅದರಿಂದ ಅಮ್ಮ ಯಾರ ಸಹಾಯವೂ ಇಲ್ಲದೆ ಏಳುತ್ತಾಳೆ.

ಉದ್ಯಾವರ ದಾಟುವಾಗಲೇ ಮಳೆ ಹಿಡಿಯಿತು. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ತನಕ ಬಿಡಲಿಲ್ಲ. ಮುಂದೆ ಹೋಗುವ ಲಾರಿಗಳ ಚಕ್ರದ ನೀರೆಲ್ಲ ನಮ್ಮ ಗಾಜಿಗೆ.

ಮೊದಲ ಶೋರೂಮಿನಲ್ಲಿ ಒಬ್ಬ ಹುಡುಗ ಓಡಿ ಬಂದು ಬಾಗಿಲು ತೆರೆದ. ಕಾಫಿ ತರಿಸಿದ. ಆಮೇಲೆ ಅರ್ಧ ಗಂಟೆ ನನ್ನ ಗಂಡನ ಮುಖ ನೋಡಿಯೇ ಮಾತಾಡಿದ. ಪ್ರಶ್ನೆ ಕೇಳುವವಳು ನಾನು, ಉತ್ತರ ಅವರಿಗೆ. "ಮೇಡಮ್ಮಿಗೆ ಕಲರ್ ಯಾವುದು ಇಷ್ಟ ಸರ್?" ಎಂದ. ನನಗೆ ಬೇಜಾರಾಯಿತು. ಇವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ಸೋಫಾದಿಂದಲೇ, "ಮಗಾ, ಕಾರು ತೆಗೊಳ್ಳುವವಳು ಅವಳು. ಅವಳ ಹತ್ರ ಹೇಳು" ಎಂದಳು. ಹುಡುಗ ಕೂಡಲೇ "ಸಾರಿ ಮೇಡಂ" ಎಂದು ನನ್ನ ಕಡೆ ತಿರುಗಿದ. ಆಮೇಲೆ ಚೆನ್ನಾಗಿಯೇ ವಿವರಿಸಿದ. ಆದರೆ ಆ ಅರ್ಧ ಗಂಟೆ ನನಗೆ ಇನ್ನೂ ನೆನಪಿದೆ. ಹೆಂಗಸರೂ ತಮ್ಮ ದುಡ್ಡಲ್ಲಿ ಕಾರು ತೆಗೆದುಕೊಳ್ಳುತ್ತಾರೆ ಎಂಬುದು ಹೇಳಿ ತಿಳಿಸಬೇಕಾದ ವಿಷಯ ಆಗಬಾರದು.

ಮೂರೂ ಕಡೆ ನಾನು ಕೇಳಿದ್ದು ಒಂದೇ. ಕಾರನ್ನು ಶೋರೂಮಿನ ಹೊಳೆಯುವ ನೆಲದಿಂದ ಹೊರಗೆ ತನ್ನಿ. ಒದ್ದೆ ಚಪ್ಪಲಿಯಲ್ಲಿ, ಕೊಡೆ ಹಿಡಿದು, ಅಮ್ಮ ಹತ್ತಿ ಇಳಿಯಬೇಕು. ಟೇಪಿನಲ್ಲಿ ಮೂರರ ಸೀಟಿಗೂ ಇದ್ದ ವ್ಯತ್ಯಾಸ ಎರಡು ಇಂಚಿನೊಳಗೆ. ಎಲ್ಲವೂ ಊಟದ ಕುರ್ಚಿಗಿಂತ ಮೇಲೆ, ಅದೇ ದೊಡ್ಡ ಸಮಾಧಾನ. ಆದರೆ ಎತ್ತರ ಒಂದೇ ಸಾಲದು ಎಂದು ಅಲ್ಲಿ ಗೊತ್ತಾಯಿತು. ಬಾಗಿಲ ಕೆಳಗಿನ ಅಂಚು ಅಗಲ ಇದ್ದರೆ ಕಾಲನ್ನು ಅಷ್ಟೇ ದೂರ ಎತ್ತಿ ದಾಟಿಸಬೇಕು. ಬಾಗಿಲು ಎಷ್ಟು ತೆರೆಯುತ್ತದೆ, ಹಿಡಿಯಲು ಗಟ್ಟಿ ಹಿಡಿಕೆ ಎಲ್ಲಿದೆ, ತಲೆ ಎಷ್ಟು ಬಗ್ಗಿಸಬೇಕು, ಇವೆಲ್ಲ ಸೇರಿ ಒಂದು ಹತ್ತುವಿಕೆ. ಅಮ್ಮ ಪ್ರತಿ ಕಾರನ್ನೂ ಮೂರು ಮೂರು ಸಲ ಹತ್ತಿ ಇಳಿದಳು. ಸುಸ್ತಾಯಿತಾ ಎಂದರೆ ಇಲ್ಲ ಎಂದಳು.

ಓಡಿಸಿದ್ದನ್ನೂ ಹೇಳಬೇಕು. ಜಪಾನಿನ ಮತ್ತು ಕೊರಿಯಾದ ಕಾರು ಓಡಿಸಿ ಅಭ್ಯಾಸ ಆದವರಿಗೆ ಇಂಡಿಕೇಟರ್ ಬಲಗೈಗೆ ಇರುತ್ತದೆ. ಈ ಮೂರರಲ್ಲೂ ಅದು ಎಡಗೈಗೆ. ನಾನು ಓಡಿಸಿದ ಕ್ಯೂ3 ಮತ್ತು ಎಕ್ಸ್1ರಲ್ಲಿ ಬಲಗೈಯ ಕಡ್ಡಿ ವೈಪರ್. ಜಿಎಲ್‌ಎಯಲ್ಲಿ ಬಲಗೈಯ ಕಡ್ಡಿಯೇ ಗೇರು! ತಿರುವಿನಲ್ಲಿ ಇಂಡಿಕೇಟರ್ ಎಂದು ಅದನ್ನು ಮುಟ್ಟಿದರೆ ಗಾಡಿ ನ್ಯೂಟ್ರಲ್‌ಗೆ ಹೋಗಬಹುದು. ಒಂದು ವಾರದಲ್ಲಿ ಕೈಗೆ ಹೊಂದಿಕೊಳ್ಳುವಂಥದ್ದೇ. ಆದರೂ ಟೆಸ್ಟ್ ಡ್ರೈವ್‌ಗೆ ಹೋಗುವವರು ಮೊದಲೇ ತಿಳಿದಿದ್ದರೆ ಒಳ್ಳೆಯದು. ಎಕ್ಸ್1ರ ಹಿಂದಿನ ಸೀಟಿನ ಜಾಗ ನನಗೆ ತುಂಬ ಹಿಡಿಸಿತು. ಜಿಎಲ್‌ಎಯ ಒಳಗಿನ ಅಂದ ನೋಡಿದಷ್ಟೂ ಸಾಲದು. ಮೂರೂ ಒಳ್ಳೆಯ ಕಾರುಗಳೇ, ಅದರಲ್ಲಿ ಎರಡು ಮಾತಿಲ್ಲ.

ಕ್ಯೂ3 ಓಡಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಜೊತೆಗೆ ಬಂದ ಯುವಕ ಅಮ್ಮ ಹಿಂದೆ ಹತ್ತುವುದನ್ನು ಸುಮ್ನೆ ನೋಡುತ್ತಿದ್ದ. "ಅಮ್ಮ, ಒಂದ್ಸಲ ಮುಂದೆ ಕೂತು ನೋಡ್ತೀರಾ? ನಮ್ಮಜ್ಜಿಯನ್ನು ನಾವು ಹಾಗೆ ಕೂರಿಸುದು" ಎಂದ. ಅಮ್ಮ ಒಪ್ಪಲಿಲ್ಲ. ಅಳಿಯ ಇರುವಾಗ ಮುಂದಿನ ಸೀಟಿನಲ್ಲಿ ಅವಳು ಒಮ್ಮೆಯೂ ಕೂತವಳಲ್ಲ. ಮಣಿಪಾಲದಲ್ಲಿ ಫಿಸಿಯೋಥೆರಪಿ ಮಾಡಿಸುವವರು ಮುಂದೆಯೇ ಕೂರಿ ಎಂದು ಎಷ್ಟೋ ಸಲ ಹೇಳಿದ್ದರು. ಕೇಳಿರಲಿಲ್ಲ. ಈ ಸಲ ನನ್ನ ಗಂಡನೇ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡುಬಿಟ್ಟರು.

ಆ ಯುವಕ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ. ಸ್ವಲ್ಪ ಮೇಲೆತ್ತಿದ. ಅಮ್ಮ ಬೆನ್ನು ಹಾಕಿ ನಿಂತಳು. ಸೀಟಿನ ಅಂಚು ಸರಿಯಾಗಿ ಅವಳ ಸೊಂಟದ ಹತ್ತಿರವೇ ಇತ್ತು. ತಡವಲಿಲ್ಲ. ಕೂತಳು. ಬೀಳಲಿಲ್ಲ, ಕೂತಳು. ಎರಡು ಕಾಲನ್ನೂ ಜೊತೆಯಾಗಿ ತಿರುಗಿಸಿ ಒಳಗಿಟ್ಟಳು. ಬಲಗಾಲನ್ನು ಕೈಯಲ್ಲಿ ಎತ್ತಲಿಲ್ಲ. ಕೊಡೆ ಅವಳ ಕೈಯಲ್ಲೇ ಇತ್ತು.

ನಾನು ಸ್ಟೇರಿಂಗ್ ಹಿಡಿದು ಕೂಳೂರಿನ ಕಡೆ ಹೊರಟೆ. ಮಳೆ ಸ್ವಲ್ಪ ಬಿಟ್ಟಿತ್ತು. ಸೇತುವೆ ಹತ್ತುತ್ತಿದ್ದಂತೆ ಅಮ್ಮ "ಓ, ಹೊಳೆ ಕಾಣ್ತದೆ" ಎಂದಳು. ಫಲ್ಗುಣಿ ಕೆಂಪಾಗಿ, ದಡ ಮುಟ್ಟಿ ಹರಿಯುತ್ತಿತ್ತು. ಹತ್ತು ವರ್ಷದಿಂದ ಇದೇ ಸೇತುವೆ ಮೇಲೆ ಅವಳನ್ನು ಕರೆದುಕೊಂಡು ಓಡಾಡಿದ್ದೇನೆ. ಸೆಡಾನಿನ ಹಿಂದಿನ ಸೀಟಿನಿಂದ ಅವಳಿಗೆ ಕಾಣುತ್ತಿದ್ದದ್ದು ಸೇತುವೆಯ ಪಕ್ಕದ ಗೋಡೆ ಮಾತ್ರ. ಅದು ನನಗೆ ಗೊತ್ತೇ ಇರಲಿಲ್ಲ. ಪಣಂಬೂರಿನಲ್ಲಿ ತಿರುಗಿಸಿ ಬರುವಾಗ ಆಚೆ ಕಡೆಯ ಹೊಳೆಯನ್ನೂ ಕಣ್ಣರಳಿಸಿ ನೋಡಿದಳು.

ಮನಸ್ಸು ಅಲ್ಲೇ ನಿಂತಿತು. ಈ ಆಫರು ತಿಂಗಳ ಕೊನೆಯ ತನಕ ಮಾತ್ರ, ಈಗಲೇ ಬುಕ್ ಮಾಡಿ ಎಂದರು. ಆಟಿಯಲ್ಲಿ ನಮ್ಮ ಕಡೆ ವ್ಯಾಪಾರ ಕಮ್ಮಿ, ಆಫರು ಜಾಸ್ತಿ. ಆದರೆ ಅಮ್ಮನಿಗೆ ಮಾತು ಕೊಟ್ಟಿದ್ದೆ. ಹಾಗೇ ಮನೆಗೆ ಬಂದೆವು.

ಆ ಕಾಯುವಿಕೆಯಿಂದ ಏನಾಯಿತು ಎಂಬುದು ನನ್ನ ಕಸುಬಿನ ವಿಷಯ, ಅದನ್ನು ಬಿಡಿಸಿ ಹೇಳಬೇಕು. ಆಗಸ್ಟ್ 15ರಂದು ಪ್ರಧಾನಿ ಕೆಂಪು ಕೋಟೆಯಿಂದ ಜಿಎಸ್‌ಟಿ ಬದಲಾವಣೆಯ ಸುದ್ದಿ ಕೊಟ್ಟರು. ಮರುದಿನವೋ ಅದರ ಮರುದಿನವೋ ಆಟಿ ಮುಗಿಯಿತು. ಇನ್ನು ತೊಂದರೆ ಇಲ್ಲ, ಚೌತಿಗೆ ತೆಗೊಳ್ಳುವ ಎಂದಳು ಅಮ್ಮ. ಈಗ ಬೇಡ ಎಂದವಳು ನಾನು. ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಬಂತು. ಅದುವರೆಗೆ 4 ಮೀಟರಿಗಿಂತ ಉದ್ದದ, 1500 ಸಿಸಿ ಮೀರಿದ, ತಳ ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಎತ್ತರದಲ್ಲಿರುವ ಎಸ್‌ಯುವಿಗೆ ಜಿಎಸ್‌ಟಿ 28, ಸೆಸ್ ಎಂಬ ಹೆಚ್ಚುವರಿ ತೆರಿಗೆ 22, ಒಟ್ಟು ಶೇ. 50. ಎಂಜಿನ್ 1500 ಸಿಸಿಯೊಳಗೆ ಇದ್ದರೆ ಒಟ್ಟು 45. ಸೆಪ್ಟೆಂಬರ್ 22ರಿಂದ ಎರಡಕ್ಕೂ ಒಂದೇ, 40.

ನನ್ನ ಪಟ್ಟಿ ತಲೆಕೆಳಗಾಯಿತು. 45ರಿಂದ 40ಕ್ಕೆ ಇಳಿದರೆ ಬೆಲೆಯಲ್ಲಿ 29ರಲ್ಲಿ ಒಂದು ಪಾಲು ಕಮ್ಮಿ. 50ರಿಂದ 40ಕ್ಕೆ ಇಳಿದರೆ 15ರಲ್ಲಿ ಒಂದು ಪಾಲು. ದೊಡ್ಡ ಎಂಜಿನ್ನಿಗೆ, ಅಂದರೆ ಕ್ಯೂ3ಗೆ, ಇದ್ದ ಹೆಚ್ಚುವರಿ ಹೊರೆ ಹೋಯಿತು. 45 ಲಕ್ಷದ ಆಸುಪಾಸಿನ ಕಾರಿಗೆ ಸುಮಾರು 3 ಲಕ್ಷ ಇಳಿಕೆ. ಅಷ್ಟೇ ಅಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ರಸ್ತೆ ತೆರಿಗೆ ಶೇ. 18. ಅದರ ಮೇಲೆ ಸೆಸ್ ಸೇರಿ ಹತ್ತಿರ ಹತ್ತಿರ 20. ಆ 3 ಲಕ್ಷದ ಮೇಲಿನ ಈ ತೆರಿಗೆಯೂ ಉಳಿಯಿತು, ಅದೇ ಸುಮಾರು 60 ಸಾವಿರ. ಇನ್ನೊಂದು ವಿಷಯ. 10 ಲಕ್ಷ ಮೀರಿದ ಕಾರಿಗೆ ಶೇ. 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ಪಡೆಯುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ. ನಿಮ್ಮ ಪ್ಯಾನ್‌ಗೆ ಜಮೆ ಆಗಿರುತ್ತದೆ, ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಇದನ್ನು ಬಿಟ್ಟುಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆ ಮಾತ್ರ ಬಿಡಬೇಡಿ ಎಂದು ಕರಾವಳಿಯವರಿಗೆ ಕೈ ಮುಗಿದು ಹೇಳುತ್ತೇನೆ. ಒಂದು ಮಳೆಗಾಲ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ನೀರಿನಲ್ಲಿ ನನ್ನ ಸೆಡಾನ್ ಆಫ್ ಆಗಿತ್ತು. ಮತ್ತೆ ಸ್ಟಾರ್ಟ್ ಮಾಡಲು ಕೈ ಹೋಯಿತು. ಪಕ್ಕದ ರಿಕ್ಷಾದವರು "ಬೇಡ ಮೇಡಂ, ಬೇಡ!" ಎಂದು ಕೂಗಿದರು. ಅವರ ಉಪಕಾರ ದೊಡ್ಡದು. ನೀರು ಸಿಲಿಂಡರಿನೊಳಗೆ ಹೋದ ಮೇಲೆ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆ ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಈ ನಷ್ಟಕ್ಕೆ ದುಡ್ಡು ಬರುವುದಿಲ್ಲ. ಎತ್ತರದ ಕಾರು ಎಂಬ ಧೈರ್ಯದಲ್ಲಿ ನೀರಿಗೆ ಇಳಿಯುವವರಿಗೆ ಈ ಅಪಾಯ ಇನ್ನೂ ಜಾಸ್ತಿ.

ಪಿತೃಪಕ್ಷ ಸೆಪ್ಟೆಂಬರ್ 21ಕ್ಕೆ ಮುಗಿಯಿತು. ಮರುದಿನ ಹೊಸ ತೆರಿಗೆಯೂ ಶುರು, ನವರಾತ್ರಿಯೂ ಶುರು. ಅಮ್ಮನ ಪಂಚಾಂಗ, ನನ್ನ ಲೆಕ್ಕ ಎರಡೂ ಒಂದೇ ದಿನಕ್ಕೆ ಬಂದು ನಿಂತವು. ಬಿಲ್ಲಿನ ತಾರೀಕು 22ರ ನಂತರದ್ದೇ ಇರಬೇಕು ಎಂದು ಮೊದಲೇ ಹೇಳಿ ಇಟ್ಟಿದ್ದೆ.

ನವರಾತ್ರಿಯ ಒಂದು ಬೆಳಿಗ್ಗೆ ಕ್ಯೂ3 ಕೈಗೆ ಬಂತು. ನಾಲ್ಕು ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿಗೆ ಮಲ್ಲಿಗೆ. ಈ ಸಲ ಅಮ್ಮ ಯಾರ ಹತ್ತಿರವೂ ಹೇಳಿಸಿಕೊಳ್ಳದೆ ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತಳು. ಇವರು ಹಿಂದೆ ಕೂತರು.

ಉಡುಪಿಯ ತನಕ ಅವಳು ಹೊಳೆಗಳನ್ನು ಹೆಸರು ಹಿಡಿದು ಹೇಳುತ್ತ ಬಂದಳು. ಕೂಳೂರಿನಲ್ಲಿ ಫಲ್ಗುಣಿ. ಪಾವಂಜೆಯಲ್ಲಿ ನಂದಿನಿ. ಮೂಲ್ಕಿಯ ಸೇತುವೆ ಬಂದಾಗ "ಸ್ವಲ್ಪ ಮೆಲ್ಲ ಬಿಡು ಮಗಾ" ಎಂದಳು. ಶಾಂಭವಿಯಲ್ಲಿ ಒಂದು ಸಣ್ಣ ದೋಣಿ ಇತ್ತು. ಅದರಲ್ಲಿ ನಿಂತವನು ಬಲೆ ಬೀಸುತ್ತಿದ್ದ. ಹಿಂದೆ ಯಾವ ವಾಹನವೂ ಇರಲಿಲ್ಲ. ಬಲೆ ನೀರಿಗೆ ಬೀಳುವ ತನಕ ನಾನು ಮೆಲ್ಲಗೇ ಬಿಟ್ಟೆ.